ಬಿಸಿ ಮುಚ್ಚಳ ಮುಟ್ಟಿದವನು

"ಇದನ್ನ ಮುಟ್ಟಿದ್ದು ಯಾರು?"

ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಕೇಳಿದ ರೀತಿಗೆ ಅತ್ತಿಗೆಯ ಕೈಯ ಸೌಟು ಅಲ್ಲೇ ನಿಂತಿತು.

ಮೇಜಿನ ಮೇಲೆ ಹನ್ನೆರಡು ಗಾಜಿನ ಬಾಟಲಿಗಳು. ಒಳಗೆ ಸಕ್ಕರೆಪಾಕ, ನಿಂಬೆರಸದಲ್ಲಿ ಮುಳುಗಿದ ಅಂಜೂರ. ಕುದಿನೀರಿನಿಂದ ಎತ್ತಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ. ಪಕ್ಕದಲ್ಲಿ, ಮಹದುಪಕಾರ ಮಾಡಿದವನ ಮುಖ ಹೊತ್ತು ನಿಂತಿದ್ದ ಗಡಿಯಾರ ರಿಪೇರಿಯವನು. ಅತ್ತಿಗೆ ಅವಳಿಗೆಂದು ಹುಡುಕಿ ಕರೆಸಿದ ವರ.

"ಮುಚ್ಚಳ ಸಡಿಲ ಇತ್ತು. ಎಲ್ಲಾನೂ ಬಿಗಿ ಮಾಡಿದೀನಿ" ಎಂದ.

ಕೈ ಕೊಟ್ಟ ದೇವರು ಎಲ್ಲರಿಗೂ ಬುದ್ಧಿಯನ್ನೂ ಕೊಟ್ಟಿರುತ್ತಾನೆ ಅಂದುಕೊಂಡೆನಲ್ಲ... ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ತಣ್ಣಗಾಗ್ತಾ ಬಾಟಲಿ ತಾನೇ ಮುಚ್ಚಳಾನ ಒಳಕ್ಕೆ ಎಳ್ಕೊಳ್ಳತ್ತೆ. ಬಿಸೀಲಿ ತಿರುವಿದ್ರೆ ಹಿಡಿತ ತಪ್ಪಿ ಗಾಳಿ ಒಳಗೆ ಹೋಗತ್ತೆ. ಮತ್ತೆ ಕುದಿಸಿದ್ರೆ ಹಣ್ಣು ಮುದ್ದೆ. ವರ್ಷ ಇಡೋಕಂತ ಮಾಡಿದ್ದು, ಇನ್ನು ಈ ವಾರದಲ್ಲೇ ತಿಂದು ಮುಗಿಸ್ಬೇಕು. ಗಡಿಯಾರಾನೂ ಹೀಗೇ ರಿಪೇರಿ ಮಾಡ್ತೀರಾ, ನಡೀತಿರೋದನ್ನ ನಿಲ್ಲಿಸಿ?"

ಅವನು ತಲೆತಗ್ಗಿಸಿ ಹೋದ.

ಆಮೇಲೆ ಅತ್ತಿಗೆಯ ಸರದಿ. ಗ್ರಂಥಾಲಯದ ಕೆಲಸ ಮುಗಿಸಿ ಬಂದವಳು ಬಾಟಲಿ ಕುದಿಸುತ್ತ, ಚಿಂದಿ ಜೋಡಿಸಿ ಕೌದಿ ಹೊಲಿಯುತ್ತ ಕೂತರೆ ಯಾವ ಗಂಡು ಒಪ್ಪಿಯಾನು? ಮದುವೆಯಾಗಿ ಹೋಗುವಾಗ ಈ ಗುಜರಿಯನ್ನೆಲ್ಲ ಹೊತ್ತೊಯ್ಯಲಾದೀತೇ?

ಅವಳು ಕ್ಯಾರೇ ಅನ್ನಲಿಲ್ಲ. ಹಿಂದೆ ನೋಡಲು ಬಂದ ಮೂವರು ವರರೂ ನಕ್ಕು ಹೋಗಿದ್ದರು. ಹೊದಿಕೆ ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ಒಬ್ಬ ಕೇಳಿದ್ದ, ಅದೂ ಅವಳ ಕೌದಿಯ ಮೇಲೆಯೇ ಕೂತು! ನಗುವವನ ಮನೆಗೆ ಕಾಲಿಡುವುದಿಲ್ಲವೆಂದು ಅಂದೇ ನಿಶ್ಚಯಿಸಿದ್ದಳು. ಆದರೂ ದೊಡ್ಡ ಕೌದಿ ಹರವಿ ಕೂತಾಗ, ಆ ಕಡೆಯ ಅಂಚನ್ನು ಹಿಡಿಯಲು ಇನ್ನೊಂದು ಜೊತೆ ಕೈ ಇದ್ದಿದ್ದರೆ... ಎಂದು ಮನಸ್ಸು ಮೆಲ್ಲಗೆ ಹಂಬಲಿಸುತ್ತಿತ್ತು.

ವಾರದ ನಂತರ ಬಾಗಿಲಲ್ಲಿ ಒಂದು ಚೀಲ. ಅದರ ತುಂಬ ಬಟ್ಟೆಯ ಚೂರುಗಳು. ಗಡಿಯಾರದವನು ಕೊಟ್ಟು ಹೋದ ಎಂದು ಅತ್ತಿಗೆ ಕಿಸಕ್ಕನೆ ನಕ್ಕಳು.

ಓಹೋ... ಚಿಂದಿಯವಳಿಗೆ ಚಿಂದಿ. ಇವನೂ ಅದೇ ಜಾತಿ!

ತಿರಸ್ಕಾರಕ್ಕೂ ಒಂದು ಸುಖವಿದೆ ನೋಡಿ. ಅದು ಮನುಷ್ಯನಿಗೆ ಯೋಚಿಸುವ ಕಷ್ಟವನ್ನು ಉಳಿಸುತ್ತದೆ. ಚೀಲದೊಳಗೆ ಕೈಯನ್ನೂ ಹಾಕದೆ ಅವಳು ಅವನ ಅಂಗಡಿಗೆ ನಡೆದಳು, ಅವನ ಮುಖದ ಮೇಲೆಯೇ ಎಸೆದು ಬರಲು.

ಅಂಗಡಿಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ. ಗಡಿಯಾರಗಳ ಮುಖಕ್ಕೆ ಅಡ್ಡವಾಗಿ ಬಟ್ಟೆಯ ಚೂರುಗಳು ಒಣಗುತ್ತಿದ್ದವು. ಅವನು ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೆಂಪು ಚೂರೊಂದನ್ನು ಬಿಳಿ ಅರಿವೆಯೊಡನೆ ಹಿಂಡುತ್ತಿದ್ದ.

"ಏನಿದು?"

"ಅವತ್ತು ನಿಮ್ಮನೇಲಿ ಕೌದಿ ನೋಡಿದ್ನಲ್ಲ. ಚೂರು ಪಕ್ಕದ ಟೈಲರ್ ಕೊಟ್ರು. ಬಣ್ಣ ಬಿಡೋ ಚೂರು ಒಂದಿದ್ರೂ ಇಡೀ ಕೌದಿ ಹಾಳಾಗತ್ತಂತಲ್ಲ. ಮೂರು ಸಲ ಒಗೆದು ನೋಡಿ, ಬಿಡದೇ ಇರೋದನ್ನ ಮಾತ್ರ ನಿಮಗೆ ಕೊಟ್ಟೆ. ಈ ಸಲ ಮೊದಲು ಅವರನ್ನ ಕೇಳಿ ತಿಳ್ಕೊಂಡೆ."

ಅವಳ ಕೈಯ ಚೀಲ ಇದ್ದಕ್ಕಿದ್ದಂತೆ ಭಾರವಾಯಿತು. ಮೇಜಿನ ಮೇಲೆ, ಪುಟ್ಟ ತಿರುಪುಗಳ ನಡುವೆ, ಅವನೇ ಜೋಡಿಸಿ ಹೊಲಿದ ಒಂದು ಚೌಕವಿತ್ತು. ಹೊಲಿಗೆ ಕುಡಿದವನ ಹೆಜ್ಜೆಯಂತೆ ಸಾಗಿತ್ತು.

"ಥೂ, ಇದನ್ನ ಹೊಲಿಗೆ ಅಂತಾರಾ?" ಅಂದಳು. ದನಿ ಮಾತ್ರ ಅವಳ ಮಾತು ಕೇಳಲಿಲ್ಲ, ನಡುಗಿತು.

"ಬಯ್ಯಿರಿ" ಎಂದ ಅವನು ಎದ್ದು ನಿಂತು. "ಅವತ್ತು ನೀವು ಬೈದಿದ್ರಲ್ಲಿ ಒಂದೂ ಸುಳ್ಳಿರ್ಲಿಲ್ಲ. ಹನ್ನೆರಡು ಬಾಟಲೀನ ಅಷ್ಟು ಪ್ರೀತಿಸೋರು, ಮನುಷ್ಯನ್ನ ಪ್ರೀತಿಸಿದ್ರೆ ಹೇಗಿರತ್ತೋ ಅಂತ... ಆವತ್ತಿಂದ ಅದೇ ಯೋಚನೆ. ನನಗೆ ನೀವು ಬೇಕು."

ಅವಳು ಚೌಕವನ್ನು ಎತ್ತಿಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದಳು. ಕಣ್ಣು ತುಂಬಿದ್ದು ಕಾಣಬಾರದಲ್ಲ.

"ನನ್ನ ನಾಲಿಗೆ ಹೀಗೇ ಇರತ್ತೆ."

"ಇರ್ಲಿ."

"ನಿಮ್ಮನೇಲಿ ಕಪಾಟು ಎಷ್ಟಿದೆ?"

"ಎರಡು. ಒಂದ್ರಲ್ಲಿ ನನ್ನ ಬಟ್ಟೆ."

"ಬಟ್ಟೇನ ಮೊಳೆಗೆ ನೇತುಹಾಕಿ. ನನಗೆ ಎರಡೂ ಬೇಕು."