ಅಳಿಸಿಹೋದ ನಲವತ್ತು ದಿನ

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮೇಲಿನ ಮಹಡಿಯ ಕ್ರೇನ್ ಆಪರೇಟರನ ಹೆಂಡತಿ ಚಪ್ಪಲಿಯನ್ನೂ ಮೆಟ್ಟದೆ ಇಳಿದು ಬಂದಾಗ ಕಾಂಪೌಂಡರ್ ಚದುರಂಗದಲ್ಲಿ ಇನ್ನೇನು ಸೋಲುವವರಿದ್ದರು. ಆಟ ನಿಂತಿತಲ್ಲ ಎಂದು ಒಳಗೊಳಗೇ ಖುಷಿಪಟ್ಟರು. ಆಕೆಯ ಮುಖ ಸರಿಯಾಗಿ ನೋಡಿದ ಮೇಲೆ ಖುಷಿಪಟ್ಟದ್ದಕ್ಕೆ ತಮ್ಮನ್ನೇ ಬೈದುಕೊಂಡರು.

ಎದುರಿಗೆ ಕೂತಿದ್ದವರು ಎಕ್ಸ್‌ಚೇಂಜ್ ಅಮ್ಮ. ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತಿಗೆಲ್ಲ ತಂತಿ ಕೂಡಿಸಿ ಬಿಡಿಸಿದ ಹೆಂಗಸು. ನಿವೃತ್ತಿಯಾದದ್ದು ಅವರು ಮಾತ್ರ, ಅವರ ಕಿವಿಯಲ್ಲ. ಕಟ್ಟಡದಲ್ಲಿ ಏನೇ ಕಳೆದರೂ, ಯಾರ ನಡುವೆ ಏನೇ ಕೆಟ್ಟರೂ ಜನ ಬಂದು ತಟ್ಟುತ್ತಿದ್ದದ್ದು ಅವರ ಬಾಗಿಲನ್ನೇ. ಕಾಂಪೌಂಡರ್ ತಪ್ಪದೆ ಜೊತೆಗೆ ಹೋಗುತ್ತಿದ್ದರು, ತಪ್ಪದೆ ನಿರಪರಾಧಿಯನ್ನೇ ಅನುಮಾನಿಸುತ್ತಿದ್ದರು.

"ಅಮ್ಮಾ, ನನ್ನ ಮೈದುನ ಬಟ್ಟೆ ಕಟ್ಕೊಳ್ತಾ ಇದಾನೆ. ಆರು ಗಂಟೆಯೊಳಗೆ ಮನೆ ಬಿಡು ಅಂತ ಇವ್ರು ಅಂದ್ಬಿಟ್ರು. ಅವನು ಮಾಡಿಲ್ಲಮ್ಮಾ. ನೀವೊಂದ್ಸಲ ಬನ್ನಿ."

ಎಕ್ಸ್‌ಚೇಂಜ್ ಅಮ್ಮ ಅವಳನ್ನು ಕೂರಿಸಿ, ನೀರು ಕೊಟ್ಟು, ಮೊದಲಿನಿಂದ ಹೇಳು ಎಂದರು.

ಮೂರು ತಿಂಗಳ ಹಿಂದೆ ಅವಳ ಗಂಡ ಕ್ರೇನಿನ ಏಣಿಯಿಂದ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದ. ಮೂಳೆ ಕೂಡಿತು, ಆದರೆ ಕೈಗೆ ನಡುಕ ಬಂತು. ನಡುಗುವ ಕೈಯವನನ್ನು ಯಾರು ತಾನೇ ಕ್ರೇನಿಗೆ ಹತ್ತಿಸುತ್ತಾರೆ? ಮಗ್ಗುಲ ಮನೆಯ ಮಕ್ಕಳಾಡುವಂಥ ವಿಡಿಯೋ ಗೇಮ್ ಪೆಟ್ಟಿಗೆಯೊಂದನ್ನು ತಂದು, ರಿಮೋಟಿನ ಪುಟ್ಟ ಕೋಲು ತಿರುಗಿಸುವ ಆಟವನ್ನು ದಿನಾ ಆಡು ಎಂದು ಕಂಪನಿಯ ಡಾಕ್ಟರ್ ಹೇಳಿದರು. ನಲವತ್ತು ದಿನದ ದಾಖಲೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅದರಲ್ಲಿ ಕೈ ನೆಟ್ಟಗಾದದ್ದು ಕಂಡರೆ ಮತ್ತೆ ಕ್ರೇನ್, ಇಲ್ಲದಿದ್ದರೆ ಗೇಟು ಕಾಯುವ ಕೆಲಸ. ಪೆಟ್ಟಿಗೆ ಕೊಂಡು ತಂದವನು ತಮ್ಮನೇ.

ಅದನ್ನು ಕೂಡಿಸಿದ ಮೊದಲ ದಿನದ ಪಾಡನ್ನು ನೆನೆದು ಆ ಸ್ಥಿತಿಯಲ್ಲೂ ಅವಳಿಗೆ ಅರೆನಗು ಬಂತು. ತಂತಿಯನ್ನು ಟೀವಿಯ ಬೇರೆ ಯಾವುದೋ ತೂತಿಗೆ ಸಿಕ್ಕಿಸಿ ಅರ್ಧ ಗಂಟೆ ಕಪ್ಪು ಪರದೆ ನೋಡುತ್ತಾ ಕೂತಿದ್ದರಂತೆ. ಕೈಯಲ್ಲಿ ಹಿಡಿಯುವ ರಿಮೋಟಿಗೆ ಚಾರ್ಜ್ ಇರಲಿಲ್ಲ. ಆಮೇಲೆ ಪೆಟ್ಟಿಗೆ ಅರ್ಥವಾಗದ ಯಾವುದೋ ಭಾಷೆ ತೋರಿಸಿ, ಇದೇ ಇರಲೇ ಎಂಬಂತೆ ಕೇಳಿತು. ಬೇಡ ಎಂದು ಇವಳು ಇಂಟು ಗುರುತಿನ ಗುಂಡಿ ಒತ್ತಿದಳು. ಪೆಟ್ಟಿಗೆ ಅದನ್ನೇ ಒಪ್ಪಿಗೆ ಎಂದುಕೊಂಡು ಇಡೀ ಸಂಜೆ ಆ ಭಾಷೆಯಲ್ಲೇ ಬಡಬಡಿಸಿತು. ಮೂರು ಸಲ ಮೊದಲಿನಿಂದ ಶುರು ಮಾಡಬೇಕಾಯಿತು. ಮೂವರೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಮಾವ ಮಾತ್ರ, "ಈ ಹಾಳು ಪೆಟ್ಟಿಗೆ ಇರೋ ಕೋಣೆಗೆ ನಾನು ಕಾಲಿಡಲ್ಲ" ಎಂದು ಪೇಪರ್ ಹಿಡಿದು ವರಾಂಡದಲ್ಲೇ ಕೂತರು. ಕೊನೆಗೆ ಮೈದುನ ಎಲ್ಲ ಸರಿಪಡಿಸಿ, ನಡುವಿನ ಗುಂಡಿ ಒತ್ತಿದರೆ ಆಟ ಶುರು, ಕೋಲು ತಿರುಗಿಸಿದರೆ ದೋಣಿ ಹೋಗುತ್ತದೆ, ಬೇರೆ ಯಾವ ಗುಂಡಿಯ ಸುದ್ದಿಗೂ ಹೋಗಬೇಡಿ ಎಂದು ವರಾಂಡಕ್ಕೂ ಕೇಳುವಂತೆ ಕೂಗಿ ಹೇಳಿದ.

ನಿನ್ನೆ ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಆ ನಲವತ್ತು ದಿನ ಅಳಿಸಿಹೋಗಿತ್ತು. ನಾಳೆ ಹನ್ನೊಂದಕ್ಕೆ ಡಾಕ್ಟರ್ ಎದುರು ತೋರಿಸಬೇಕು.

"ಆ ಹೊತ್ತಲ್ಲಿ ಮನೇಲಿ ಯಾರ್ಯಾರಿದ್ರು?"

ಗಂಡ ಎಂದಿನಂತೆ ಕೈ ಉಜ್ಜಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದ. ಅವಳು ಎಂದಿನಂತೆ ಹೊಲಿಗೆ ತರಗತಿಗೆ ಹೋಗಿ, ಮರೆತ ಕತ್ತರಿಗೆಂದು ಒಮ್ಮೆ ಓಡಿ ಬಂದಿದ್ದಳು. ಮೈದುನ ಎಂದೂ ಇಲ್ಲದವನು ನಿನ್ನೆ ಬುತ್ತಿ ಮರೆತು ಎರಡೂವರೆಗೆ ಬಂದು ಉಂಡು ಹೋಗಿದ್ದ. ಮಾವ ಮಲಗಿದ್ದರಂತೆ. ಇಷ್ಟು ಹೇಳಿ ಅವಳು ತಲೆ ತಗ್ಗಿಸಿದಳು. "ಮುಚ್ಚಿಡೋದು ಯಾಕಮ್ಮಾ, ಅವ್ರು ಮತ್ತೆ ಆ ಎತ್ತರಕ್ಕೆ ಹತ್ತೋದು ಬೇಡ ಅಂತ ನನ್ನ ಮನಸ್ಸಲ್ಲೂ ಇತ್ತು. ಆದ್ರೆ ನಾನು ಅಳಿಸಿಲ್ಲ."

ಅಲ್ಲಿಗೆ ಕಾಂಪೌಂಡರ್ ತೀರ್ಮಾನಿಸಿಬಿಟ್ಟರು. ಅಣ್ಣನ ಕ್ರೇನನ್ನು ಮೂರು ತಿಂಗಳಿಂದ ಓಡಿಸುತ್ತಿರುವವನು ತಮ್ಮ. ಅಣ್ಣ ಮರಳಿದರೆ ಅವನು ಮತ್ತೆ ಕೆಳಗೆ ನಿಂತು ಕೈಸನ್ನೆ ಮಾಡಬೇಕು. ಇದಕ್ಕಿಂತ ಇನ್ನೇನು ಬೇಕು?

ಮೇಲಿನ ಮನೆಯಲ್ಲಿ ಗಾಳಿಯೂ ಬಿಗಿದುಕೊಂಡಂತಿತ್ತು. ಅಣ್ಣ ಟೀವಿಯ ಮುಂದೆ ಕಲ್ಲಾಗಿ ಕೂತಿದ್ದ. ಒಳಗಿನ ಕೋಣೆಯಲ್ಲಿ ಚೀಲದ ಜಿಪ್ ಎಳೆಯುವ ಸದ್ದು. ಎಕ್ಸ್‌ಚೇಂಜ್ ಅಮ್ಮ ಪರದೆಯ ಮೇಲಿನ ಪಟ್ಟಿ ತೋರಿಸು ಎಂದರು. ಒಂದನೇ ಆಟಗಾರನ ಸಾಲು ಖಾಲಿ. ಅದರ ಕೆಳಗೆ ಎರಡನೇ ಆಟಗಾರನ ಸಾಲು ಹಾಗೇ ಇತ್ತು: ಒಟ್ಟು ಹತ್ತೊಂಬತ್ತು ಗಂಟೆ ಆಟ. ಹೊಳೆಯ ದಡಕ್ಕೆ ತಗಲದಂತೆ ದೋಣಿ ನಡೆಸುವುದೇ ಆಟ. ಎರಡನೆಯವನು ಮೊದಮೊದಲು ಹೆಜ್ಜೆಗೊಂದು ಸಲ ದಡಕ್ಕೆ ಬಡಿದಿದ್ದ, ಬರಬರುತ್ತಾ ಕಡಿಮೆಯಾಗಿತ್ತು.

"ಪಟ್ಟಿ ತೆಗೆದು, ಹೀಗೆ ಎರಡನೆಯವನೊಬ್ಬ ಇದಾನೆ ಅಂತ ನಾನು ನೋಡಿದ್ದೇ ನಿನ್ನೆ. ಕದ್ದು ಆಡ್ಕೊಂಡಿದಾನೆ. ನನ್ನದನ್ನ ಅಳಿಸಿ ತನ್ನದನ್ನ ಇಟ್ಕೊಂಡಿದಾನೆ" ಎಂದ ಅಣ್ಣ. ತಮ್ಮ ಬಾಗಿಲಿಗೆ ಬಂದು, ನಾನು ಒಂದು ದಿನವೂ ಆಡಿಲ್ಲ ಎಂದಷ್ಟೇ ಹೇಳಿ ಒಳಗೆ ಹೋದ. ಅಣ್ಣ ಎಂಬ ಮಾತು ಅವನ ಬಾಯಿಂದ ಬರಲಿಲ್ಲ.

ಕಾಂಪೌಂಡರಿಗೆ ಸುಮ್ಮನಿರಲಾಗಲಿಲ್ಲ. ಡಾಕ್ಟರ್ ಹತ್ತಿರ ಒಂದು ವಾರ ಗಡುವು ಕೇಳೋಣ ಎಂದು ಕಾಗದ ತೆಗೆದು ಅರ್ಜಿ ಗೀಚಿದರು. ಅವಳ ಮಾವ, ಮನೆಯ ಹಿರಿಯರು, ಗಣಿತದ ಮೇಷ್ಟ್ರು, ನಿವೃತ್ತಿಯಾಗಿ ಹತ್ತು ವರ್ಷವಾದರೂ ಜೇಬಿನಲ್ಲಿ ಕೆಂಪು ಪೆನ್ಸಿಲ್ ಇಟ್ಟುಕೊಳ್ಳುವವರು, ಅದನ್ನು ಇಸಿದುಕೊಂಡು ಓದಿದರು. ಕಾಂಪೌಂಡರ್ 'ದಾಕಲೆ' ಎಂದು ಬರೆದಿದ್ದರು. ಮೇಷ್ಟ್ರು ಅದರ ಮೇಲೊಂದು ಇಂಟು ಹಾಕಿದರು, 'ಖ'ಕಾರ ಬರಬೇಕು ಎಂದರು. ಕಾಂಪೌಂಡರಿಗೆ ಅವಮಾನವಾಯಿತು. ಇಂಟುವಿನ ಗೆರೆಯೇ ಸೊಟ್ಟ, ನನಗೆ ಕಲಿಸಲು ಬಂದಿದ್ದಾರೆ ಎಂದು ಮನಸ್ಸಿನಲ್ಲೇ ಗೊಣಗಿಕೊಂಡರು.

ನಿನ್ನೆ ಮಧ್ಯಾಹ್ನದ ಬಗ್ಗೆ ಎಕ್ಸ್‌ಚೇಂಜ್ ಅಮ್ಮ ಕೇಳಿದ್ದಕ್ಕೆ ಮೇಷ್ಟ್ರು ಮುಖ ಸಿಂಡರಿಸಿದರು. "ಮಲಗಿದ್ದೆ. ನನಗೇನು ಗೊತ್ತು. ಸರಿ ಯಾವುದು, ತಪ್ಪು ಯಾವುದು ಅಂತ ಗೊತ್ತಿಲ್ಲದ ಪೆಟ್ಟಿಗೆ ಮನೆಗೆ ತಂದ್ರೆ ಇನ್ನೇನಾಗುತ್ತೆ."

ಮೇಷ್ಟ್ರ ಬುದ್ಧಿವಾದ ಕಟ್ಟಡಕ್ಕೇ ಹಳೆಯದು, ಯಾರೂ ಕಿವಿಗೊಡಲಿಲ್ಲ. ಆದರೆ ಎಕ್ಸ್‌ಚೇಂಜ್ ಅಮ್ಮ ತಲೆಯನ್ನು ತುಸು ಓರೆ ಮಾಡಿದ್ದನ್ನು ಕಾಂಪೌಂಡರ್ ಕಂಡರು. ತಂತಿಯ ಆ ತುದಿಯಲ್ಲಿ ಏನೋ ಕೇಳಿಸಿದಾಗ ಮಾತ್ರ ಅವರು ಹಾಗೆ ಮಾಡುತ್ತಿದ್ದರು.

ಐದೂವರೆಗೆ ಎಲ್ಲರನ್ನೂ ಟೀವಿಯ ಕೋಣೆಗೆ ಕರೆದರು. ತಮ್ಮ ಚೀಲ ಹೆಗಲಿಗೇರಿಸಿಕೊಂಡೇ ಬಾಗಿಲಿಗೆ ಒರಗಿ ನಿಂತ. ಮೇಷ್ಟ್ರು ಹೊಸ್ತಿಲ ಆಚೆಯೇ ನಿಂತಿದ್ದರು. ಎಕ್ಸ್‌ಚೇಂಜ್ ಅಮ್ಮ ಕುರ್ಚಿ ತೋರಿಸಿದ ಮೇಲೆ ಒಳಗೆ ಬಂದರು.

"ಮೊದಲು ಎರಡನೇ ಆಟಗಾರ" ಎಂದು ಶುರು ಮಾಡಿದರು. ಹತ್ತೊಂಬತ್ತು ಗಂಟೆಯನ್ನು ನಲವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ. ದಿನಾ ಅರ್ಧ ಗಂಟೆ, ಯಾರ ಕಣ್ಣಿಗೂ ಬೀಳದೆ. ಬೆಳಿಗ್ಗೆ, ಸಂಜೆ ಮನೆ ತುಂಬ ಜನ. ಖಾಲಿ ಇರುವುದು ಮಧ್ಯಾಹ್ನ ಮಾತ್ರ. ಆಗ ತಮ್ಮ ಕ್ರೇನಿನ ಮೇಲೆ, ಅತ್ತಿಗೆ ಹೊಲಿಗೆ ತರಗತಿಯಲ್ಲಿ, ಅಣ್ಣ ಆಸ್ಪತ್ರೆಯಲ್ಲಿ. ತಮ್ಮ ಮಧ್ಯಾಹ್ನ ಮನೆಗೆ ಬಂದದ್ದು ನಿನ್ನೆ ಒಂದೇ ದಿನ.

ಕಾಂಪೌಂಡರ್ ಬೆರಳು ಮಡಚಿ ಎಣಿಸಿದರು. ಉಳಿದವರು ಒಬ್ಬರೇ. ಯಾರೂ ಆ ಕುರ್ಚಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ.

"ಎರಡನೆಯದು, ಅಳಿಸಿದ್ದು. ಕೆಡಿಸ್ಬೇಕು ಅಂತ ಬಂದೋರು ತಮ್ಮ ಗುರುತನ್ನ ಯಾಕೆ ಬಿಟ್ಟು ಹೋಗ್ತಾರೆ? ಕದ್ದು ಆಡ್ದೋರಿಗೆ ಅಳಿಸ್ಬೇಕಾಗಿದ್ದು ಎರಡನೇ ಸಾಲು. ಹೋಗಿದ್ದು ಒಂದನೇ ಸಾಲು. ಮಾಡಕ್ಕೆ ಹೋಗಿದ್ದೇ ಒಂದು, ಆಗಿದ್ದೇ ಒಂದು."

ಅವರ ಲೆಕ್ಕ ಹೀಗಿತ್ತು: ನಾಳೆ ಡಾಕ್ಟರ್ ಪಟ್ಟಿ ತೆರೆದರೆ ಎರಡನೆಯ ಸಾಲು ಬಯಲಾಗುತ್ತದೆ ಎಂದು ಆ ಆಟಗಾರರು ಹೆದರಿದ್ದರು. ಗುಂಡಿಗಳನ್ನು ತಡಕಾಡಿದರು. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಳಿಸಲೇ ಎಂಬ ಪ್ರಶ್ನೆ ಬಂತು, ಆದರೆ ಒಂದನೇ ಸಾಲಿನ ಮೇಲೆ. ಕೆಳಗೆ ಎರಡು ಗುರುತು, ಸೊನ್ನೆ ಮತ್ತು ಇಂಟು. ಯಾವುದಕ್ಕೆ ಏನು ಎಂದು ಬರೆದಿದ್ದ ಅಕ್ಷರ ಸಣ್ಣದು, ಕುರ್ಚಿಯಿಂದ ಕಾಣದು. ಬೇಡ ಎನ್ನಲು ಅವರು ಏನು ಒತ್ತಿರಬಹುದು?

"ಈ ಮನೇಲಿ ಮೂರು ಜನ ಮೊದಲನೇ ದಿನಾನೇ ಪೆಟ್ಟು ತಿಂದು ಕಲ್ತಿದ್ರು. ಇದ್ರಲ್ಲಿ ಇಂಟು ಅಂದ್ರೆ ಹೂಂ, ಸೊನ್ನೆ ಅಂದ್ರೆ ಊಹೂಂ. ಅವತ್ತು ಒಳಗೆ ಇಲ್ಲದೇ ಇದ್ದೋರು ಒಬ್ರೇ. ಅವ್ರು ಮೂವತ್ತು ವರ್ಷ ತಪ್ಪಿಗೆಲ್ಲ ಇಂಟು ಹಾಕ್ದೋರು. ಸರಿ ಯಾವುದು, ತಪ್ಪು ಯಾವುದು ಅಂತ ಗೊತ್ತಿಲ್ಲದ ಪೆಟ್ಟಿಗೆ ಅಂದ್ರಲ್ಲ ಮೇಷ್ಟ್ರೇ, ಅದು ಬುದ್ಧಿವಾದ ಅಲ್ಲ. ನಡೆದಿದ್ದನ್ನೇ ಹೇಳಿದ್ರಿ."

ಮೇಷ್ಟ್ರು ಬಲಗೈಯನ್ನು ಶಾಲಿನ ಮರೆಯಿಂದ ತೆಗೆದು ಮೊಣಕಾಲ ಮೇಲಿಟ್ಟರು. ಅದು ನಡುಗುತ್ತಿತ್ತು. ಕಾಂಪೌಂಡರಿಗೆ ಅರ್ಜಿಯ ಮೇಲಿನ ಸೊಟ್ಟ ಗೆರೆ ಕಣ್ಣ ಮುಂದೆ ಬಂತು. ಇಪ್ಪತ್ತೈದು ವರ್ಷ ಆಸ್ಪತ್ರೆಯಲ್ಲಿ ದುಡಿದ ತಮಗೆ ಅದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮೇಷ್ಟ್ರು ಹೇಳಿದರು: ಕೈಗೆ ಇದು ಬಂದು ಏಳೆಂಟು ತಿಂಗಳಾಯಿತು. ಯಾರಿಗೂ ಹೇಳಲು ಮನಸ್ಸಾಗಲಿಲ್ಲ. ಮಗನ ಕೈ ಆಟದಿಂದ ನೆಟ್ಟಗಾಗುವುದನ್ನು ಬಾಗಿಲ ಸಂದಿಯಿಂದ ನೋಡಿದರು. ಬೈದ ಬಾಯಲ್ಲೇ ಕೇಳುವುದು ಹೇಗೆ?

"ಇಂಟು ಒತ್ತಿದೆ. ಕಣ್ಣೆದುರಿಗೇ ಹೋಗ್ಬಿಡ್ತು. ತಪ್ಪು ನಂದು."

ಎಕ್ಸ್‌ಚೇಂಜ್ ಅಮ್ಮನಿಗೆ ಕನಿಕರಕ್ಕಿಂತ ಮೊದಲು ಸಿಟ್ಟು ಬಂತು. "ಕೈ ತಪ್ಪಿದ್ದಕ್ಕೆ ಯಾರೂ ನಿಮ್ಮನ್ನ ಏನೂ ಅನ್ನಲ್ಲ. ಆದ್ರೆ ನಿನ್ನೆಯಿಂದ ಚಿಕ್ಕ ಮಗನ್ನ ಮನೆಯಿಂದ ಅಟ್ತಾ ಇದ್ರೂ ಬಾಯಿ ಬಿಡ್ಲಿಲ್ವಲ್ಲ, ಅದನ್ನ ಹ್ಯಾಗೆ ತಡ್ಕೊಂಡ್ರಿ?" ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅಣ್ಣ ಎದ್ದು ಬಾಗಿಲಿಗೆ ಬಂದ. ತಪ್ಪಾಯ್ತು ಕಣೋ ಎಂದ. ತಮ್ಮ ಚೀಲ ಕೆಳಗಿಟ್ಟ. ಆದರೆ ಅಣ್ಣನ ಮುಖ ನೋಡದೆ ಒಳಗೆ ಹೋಗಿ ಮಲಗಿದ. ಇದು ಸುಲಭಕ್ಕೆ ಮಾಯುವ ಗಾಯವಲ್ಲ ಎಂದು ಕಾಂಪೌಂಡರಿಗೆ ಅನ್ನಿಸಿತು.

ಮರುದಿನ ಹನ್ನೊಂದಕ್ಕೆ ಎಲ್ಲರೂ ಕಂಪನಿಯ ಅಂಗಳದಲ್ಲಿದ್ದರು. ಮೇಷ್ಟ್ರು ಡಾಕ್ಟರ್ ಎದುರು ನಿಂತು ನಡೆದದ್ದನ್ನೆಲ್ಲ ತಾವೇ ಹೇಳಿದರು, ತಮ್ಮ ಕೈಯನ್ನೂ ತೋರಿಸಿದರು. ಡಾಕ್ಟರಮ್ಮ ಅವರಿಗೆ ಬೇರೆ ಚೀಟಿ ಬರೆದುಕೊಟ್ಟು, ದಾಖಲೆ ಇಲ್ಲದಿದ್ದರೆ ಕೈಯನ್ನೇ ನೋಡೋಣ ಎಂದರು. ಬಾಯಿಯವರೆಗೆ ನೀರು ತುಂಬಿದ ಡ್ರಮ್ಮು. ಎತ್ತಿ, ಅಂಗಳ ದಾಟಿಸಿ, ಸುಣ್ಣದ ಗೆರೆಯೊಳಗೆ ಚೆಲ್ಲದಂತೆ ಇಳಿಸಬೇಕು. ಚೆಲ್ಲಿದರೆ ಗೇಟು.

ಕೆಳಗಿನಿಂದ ಸನ್ನೆ ಮಾಡಲು ಯಾರು ಬೇಕು ಎಂದು ಮೇಸ್ತ್ರಿ ಕೇಳಿದ. ಏಣಿಗೆ ಕಾಲಿಟ್ಟಿದ್ದ ಅಣ್ಣ ಹಿಂದೆ ತಿರುಗಲಿಲ್ಲ. "ನನ್ನ ತಮ್ಮ ನಿಂತ್ರೆ ಹತ್ತೀನಿ, ಇಲ್ಲಾಂದ್ರೆ ಇಲ್ಲ" ಎಂದ.

ಎಲ್ಲರೂ ತಮ್ಮನನ್ನು ನೋಡಿದರು. ಅವನು ನಿಂತಲ್ಲೇ ನಿಂತ. ಕೊನೆಗೆ ಅವನು ತಲೆಗೆ ಟೋಪಿ ಹಾಕಿಕೊಂಡು, ವಾಕಿಟಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂಗಳದ ನಡುವಿಗೆ ಹೋಗಿ ಕೈ ಎತ್ತಿದ.

ಡ್ರಮ್ಮು ಮೇಲೆದ್ದಿತು. ತಮ್ಮನ ಬೆರಳು ಎಡಕ್ಕೆ, ಅದೂ ಎಡಕ್ಕೆ. ಸುಣ್ಣದ ಗೆರೆಯ ಮೇಲೆ, ನೆಲಕ್ಕೆ ಇನ್ನೊಂದು ಆಳು ಎತ್ತರವಿರುವಾಗ ಗಾಳಿ ಬೀಸಿತು. ಡ್ರಮ್ಮು ತೂಗಾಡತೊಡಗಿತು, ನೀರು ಅಂಚಿಗೆ ಬಂತು. ಮೇಲಿನ ಗಾಜಿನ ಕೋಣೆಯಲ್ಲಿ ಅಣ್ಣ ಏನೂ ಮಾಡಲಾಗದೆ ಕೋಲನ್ನು ಹಾಗೇ ಹಿಡಿದು ಕೂತಿದ್ದ. ಡಾಕ್ಟರಮ್ಮ ಬರೆಯಲು ಪೆನ್ನು ತೆರೆದರು. ಸನ್ನೆಯವನು ಮಾತಾಡಬೇಕಾದ ಅಗತ್ಯವೇ ಇರಲಿಲ್ಲ, ನಿಲ್ಲಿಸು ಎಂದು ಅಂಗೈ ತೋರಿಸಿದರೆ ಸಾಕಿತ್ತು. ತಮ್ಮ ಅಂಗೈ ತೋರಿಸಿದ. ಆಮೇಲೆ ಇನ್ನೊಂದು ಕೈಯಿಂದ ವಾಕಿಟಾಕಿ ತೆಗೆದು ಬಾಯಿಗಿಟ್ಟುಕೊಂಡ.

"ಅಣ್ಣಾ, ನಾನಿದೀನಿ. ಉಸಿರು ಬಿಟ್ಟು ಇಳ್ಸು."

ಡ್ರಮ್ಮು ನಿಂತಿತು. ಒಂದು ಹನಿಯೂ ಚೆಲ್ಲದೆ ಗೆರೆಯೊಳಗೆ ಇಂಚಿಂಚಾಗಿ ಇಳಿಯಿತು. ಅದು ನೆಲ ಮುಟ್ಟಿದ ಸದ್ದು ಕೂಡ ಯಾರಿಗೂ ಕೇಳಿಸಲಿಲ್ಲ.