ಅಂದಾಜಿನ ತೂಕ

ಮಲ್ಲಿಗೆ ಹಾರ ಹಾಕಿಕೊಂಡು ನಗುತ್ತಿದ್ದ ಶೆರ್ವಿನ್‌ನನ್ನು ಕಂಡು ನನಗೆ ಹೇಸಿಗೆಯಾಯಿತು. ಜನವರಿಯಲ್ಲಿ ನಾನು ಮದುವೆಯಾಗಬೇಕಾದ ಹುಡುಗನ ಬಗ್ಗೆ ಹಾಗೆ ಹೇಳಬಾರದು. ಆದರೆ ಆಯಿತು.

ಶೆರ್ವಿನ್ ಪೈಲಟ್. ತಿಂಗಳ ಹಿಂದೆ ದೂರದ ಒಂದು ಬೆಟ್ಟದೂರಿನಲ್ಲಿ ಅವನ ಆರು ಸೀಟಿನ ಪುಟ್ಟ ವಿಮಾನ ಟೇಕಾಫ್ ಆಗುವಾಗ ಮೇಲೇಳದೆ, ರನ್‌ವೇ ದಾಟಿ ಪೊದೆಗೆ ನುಗ್ಗಿತ್ತು. ಒಬ್ಬ ಅಜ್ಜಿಯ ಸೊಂಟ ಮುರಿಯಿತು. ಉಳಿದವರು ತರಚು ಗಾಯದಲ್ಲಿ ಪಾರಾದರು. ಎಲ್ಲರನ್ನೂ ಇವನೇ ಹೊರಗೆಳೆದ. ಗಾಳಿ ತಿರುಗಿದ್ದೇ ಕಾರಣ ಎಂದು ಪೇಪರಿನಲ್ಲಿ ಬಂತು. ಕಂಕನಾಡಿಯ ನಮ್ಮ ಚರ್ಚಿನ ವಾರ್ಡಿನವರು ಸನ್ಮಾನ ಇಟ್ಟರು.

ನಿಜ ಸಂಗತಿಯನ್ನು ನಿನ್ನೆ ಅವನೇ ನನಗೆ ಹೇಳಿದ್ದ. ಅಂಥ ವಿಮಾನಕ್ಕೆ ಹತ್ತುವ ಪ್ರತಿಯೊಬ್ಬರ ತೂಕ ನೋಡಿ ಬರೆಯಬೇಕು. ಹೆಂಗಸರನ್ನು ಎಲ್ಲರೆದುರು ತೂಕದ ಮೆಷಿನ್ ಹತ್ತಿಸಲು ಇವನಿಗೆ ನಾಚಿಕೆ. ಅವರು ಬಾಯಲ್ಲಿ ಹೇಳಿದಷ್ಟನ್ನೇ ಬರೆದ. ಚೀಲಗಳನ್ನು ಕೈಯಲ್ಲೇ ಎತ್ತಿ ನೋಡಿದ. ನಿಜವಾದ ಭಾರ ಬರೆದದ್ದಕ್ಕಿಂತ ಹೆಚ್ಚಿತ್ತು; ಬೆಟ್ಟದ ಮೇಲಿನ ತೆಳು ಗಾಳಿಯಲ್ಲಿ ಅಷ್ಟು ಭಾರಕ್ಕೆ ವಿಮಾನ ಏಳಲಿಲ್ಲ.

ನಾನು ನರ್ಸ್. ಮಗುವಿನ ತೂಕವನ್ನು ಅಂದಾಜಿನಲ್ಲಿ ಬರೆದರೆ ಔಷಧಿಯ ಡೋಸ್ ತಪ್ಪುತ್ತದೆ ಎಂದು ಜೂನಿಯರ್‌ಗಳಿಗೆ ದಿನಾ ಬೈಯುವವಳು.

ಭಾಷಣಗಳು ಶುರುವಾಗುವ ಮೊದಲು ಶೆರ್ವಿನ್ ನನ್ನ ಪಕ್ಕಕ್ಕೆ ಬಂದು ನಿಂತ. ಸೀರೆಯ ಅಂಚಿನಿಂದ ಕಿವಿಯೋಲೆಯವರೆಗೆ ಓರೆಗಣ್ಣಿನಲ್ಲಿ ನನ್ನನ್ನು ನೋಡಿದ. ಬೇರೆ ದಿನವಾಗಿದ್ದರೆ ನನ್ನ ಕೆನ್ನೆ ಬಿಸಿಯಾಗುತ್ತಿತ್ತು.

"ಮುಖ ಎಂತಕ್ಕೆ ಹಾಗೆ ಮಾಡಿದ್ದೀ?"

"ವಾಸನೆ ಬರ್ತದೆ."

"ಹೊಸ ಸೆಂಟ್ ಮಾರಾಯ್ತಿ."

"ಸೆಂಟಿನದ್ದಲ್ಲ, ನಿನ್ನದು. ಮೈಕ್ ಸಿಕ್ಕಿದಾಗ ನಿಜ ಹೇಳ್ತೀ ಅಲ್ವಾ?"

"ನೋಡುವ."

ವಾರ್ಡಿನ ಮುಖ್ಯಸ್ಥ, ಗುರ್ಕಾರ ವಿಲ್ಲಿ ಅಂಕಲ್ ಶಾಲು ಹೊದೆಸಿ ಮೈಕ್ ಕೊಟ್ಟರು. ಶೆರ್ವಿನ್ ನನ್ನತ್ತ ಒಮ್ಮೆ ನೋಡಿ, "ಗಾಳಿ ಕೈಕೊಟ್ಟಿತು, ದೇವರು ಕಾಪಾಡಿದರು" ಎಂದ. ಚಪ್ಪಾಳೆ ಬಿತ್ತು. ದೇವರನ್ನೂ ಸುಳ್ಳಿಗೆ ಪಾಲುದಾರ ಮಾಡಿದನಲ್ಲ! ನಾನು ಎದ್ದು ಹೊರಗೆ ನಡೆದೆ.

ಬಸ್‌ಸ್ಟಾಪಿನಲ್ಲಿ ಏದುಸಿರು ಬಿಡುತ್ತಾ ಬಂದು ಸಿಕ್ಕಿದ. ಕೊರಳಲ್ಲಿ ಹಾರ ಹಾಗೇ ಇತ್ತು. ನಿಶ್ಚಿತಾರ್ಥದ ಉಂಗುರ ತೆಗೆದು ಅವನ ಅಂಗೈಯಲ್ಲಿಟ್ಟೆ.

"ಹೇಳಿದ್ರೆ ಲೈಸೆನ್ಸ್ ಹೋಗ್ತದೆ, ಆಂಡ್ರಿಯಾ."

"ಹೋಗ್ಲಿ."

"ಪೈಲಟ್ ಅಂತಲೇ ಅಲ್ವಾ ನಿಮ್ಮ ಮನೆಯಲ್ಲಿ ಒಪ್ಪಿದ್ದು? ಕೆಲಸ ಇಲ್ಲದವನನ್ನು ಕಟ್ಟಿಕೊಂಡು ನೀನು ಎಂತ ಮಾಡ್ತೀ?"

ಇದಕ್ಕೆ ಹೆದರಿ ಇಷ್ಟೆಲ್ಲ ಮುಚ್ಚಿಟ್ಟಿದ್ದನೇ? ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಮನೆಯವರು ಒಪ್ಪಿದ್ದು ಪೈಲಟ್‌ನನ್ನು. ನಾನು ಒಪ್ಪಿದ್ದು ನಿನ್ನನ್ನು. ಹೇಸಿಗೆ ಆಗುವುದೂ ಅದಕ್ಕೇ. ಬೇರೆ ಯಾರೋ ಸುಳ್ಳು ಹೇಳಿದ್ರೆ ನನಗೆಂತ?"

ಎರಡು ಬಸ್ಸು ಹೋದವು. ಆಮೇಲೆ ಅವನು ಮೊಬೈಲ್ ತೆಗೆದು, ಅಪಘಾತದ ವಿಚಾರಣೆ ನಡೆಸುತ್ತಿದ್ದ ಅಧಿಕಾರಿಗಳಿಗೆ ನಾಲ್ಕು ಸಾಲು ಟೈಪ್ ಮಾಡಿ ನನಗೆ ತೋರಿಸಿದ. ತೂಕ ನೋಡಿರಲಿಲ್ಲ, ಅಂದಾಜಿನಲ್ಲಿ ಬರೆದೆ, ತಪ್ಪು ನನ್ನದು.

"ಕಳಿಸು," ಎಂದೆ.

ಕಳಿಸಿದ.

"ಈಗ ಹೇಸಿಗೆ ಹೋಯ್ತಾ?"

"ಇನ್ನೂ ಉಂಟು. ಸ್ವಲ್ಪ ಕಡಿಮೆ."

"ಆ ಅಜ್ಜಿಯ ಹತ್ರವೂ ಹೋಗಿ ಹೇಳ್ಬೇಕು. ಒಬ್ಬನೇ ಹೋಗ್ಲಿಕ್ಕೆ ಹೆದರಿಕೆ ಆಗ್ತದೆ."

ಉಂಗುರ ಇನ್ನೂ ಅವನ ಕೈಯಲ್ಲೇ ಇತ್ತು. ನಾನು ಬೆರಳು ಮುಂದೆ ಚಾಚಿದೆ.

"ಎರಡು ಟಿಕೆಟ್ ಮಾಡು," ಎಂದೆ. "ರೈಲಿನದ್ದು."