ಕೋಪವೇ ಬಾರದವಳು

"ಬೇರೆ ಯಾರೂ ಇಲ್ವಾ?"

ತೋಳು ಚಾಚಿ ಕುಳಿತಿದ್ದ ಬಸ್ ಡ್ರೈವರ್, ಅವಳ ಕೈಯಲ್ಲಿದ್ದ ಸೂಜಿಯನ್ನೂ ಮುಖವನ್ನೂ ನೋಡಿ ಕೇಳಿದ.

ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೊಠಡಿಯ ನರ್ಸ್ ಅವಳು. ಈ ಪ್ರಶ್ನೆ ಅವಳಿಗೆ ಹೊಸದಲ್ಲ. ಅಜ್ಜ ಸಮುದ್ರ ದಾಟಿ ಬಂದವರು. ಅವಳು ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ಆದರೂ ಅಜ್ಜನಿಂದ ಬಂದ ಕಡುಗಪ್ಪು ಬಣ್ಣ, ಗುಂಗುರು ಕೂದಲು ಕಂಡೊಡನೆ ಕೆಲವರು ತೋಳು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಇನ್ನು ಕೆಲವರು, ನಮ್ಮ ಭಾಷೆ ಎಷ್ಟು ಚೆನ್ನಾಗಿ ಕಲಿತಿದ್ದೀರಿ ಎಂದು ಮೆಚ್ಚುತ್ತಿದ್ದರು. ತಾಯಿಯ ಮಡಿಲಲ್ಲೇ ಬಂದ ಭಾಷೆಗೆ!

ಮೊದಮೊದಲು ಕಣ್ಣು ತುಂಬುತ್ತಿತ್ತು. ಈಗ... ಏನೂ ಇಲ್ಲ.

ಸೂಜಿಯನ್ನು ಟ್ರೇಯಲ್ಲಿಟ್ಟು ಪಕ್ಕದ ಮೇಜಿನ ನರ್ಸನ್ನು ಕರೆದಳು. ಆಕೆ ಬಂದು ಸೂಜಿ ಎತ್ತಿದ್ದೇ ತಡ, ಡ್ರೈವರ್ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದ.

ಎಚ್ಚರವಾದಾಗ ಅವನ ತಲೆ ಹಿಡಿದು ಕೂತಿದ್ದವಳು ಅವಳೇ.

"ಅದಕ್ಕೇ ಕೇಳಿದ್ದು ಮೇಡಂ... ನನ್ನ ಹಿಡ್ಕೊಳ್ಳೋಕೆ ಬೇರೆ ಯಾರೂ ಇಲ್ವಾ ಅಂತ."

ಆನೆಯಂಥ ಆಳು, ಸೂಜಿಗೆ ಹೆದರಿದ್ದ. ಅವಳಿಗೆ ನಗು ಬಂತು. ಬಂದದ್ದೇ ಆಶ್ಚರ್ಯ.

ಮರುದಿನ ರಕ್ತದ ವರದಿ ಒಯ್ಯಲು ಬಂದ ಡ್ರೈವರ್ ಮಾತಿಗೆ ನಿಂತ. ಮಾತು ಸಂಜೆಯ ನಡಿಗೆಯಾಯಿತು. ಅಮ್ಮನಿಗೂ ಅವನ ವಿಷಯ ಹೇಳಿಬಿಟ್ಟಳು.

ಹೀಗಿರುವಾಗ ಅಮ್ಮನಿಗೊಂದು ಶಾಲು ಕೊಳ್ಳಲು ಇಬ್ಬರೂ ಬಟ್ಟೆಯಂಗಡಿಗೆ ಹೋದರು. ಹೊರಬರುವಾಗ ಬಾಗಿಲ ಕಾವಲುಗಾರ ಎಲ್ಲರನ್ನೂ ಬಿಟ್ಟು ಅವಳನ್ನೇ ತಡೆದ. ಅವನು ಕೇಳುವ ಮೊದಲೇ ಅವಳು ಬ್ಯಾಗ್ ಬಿಚ್ಚಿ ಹಿಡಿದಳು. ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸಿದ.

"ಹೋಗ್ಲಿ ಬಿಡಿ, ಅವನ ಕೆಲಸ ಅವನು ಮಾಡ್ದ," ಎಂದ ಡ್ರೈವರ್, ರಸ್ತೆಗೆ ಬಂದ ಮೇಲೆ.

ಅವನ ಹೆಗಲಲ್ಲೂ ಬ್ಯಾಗಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಅದು ಅವನಿಗೆ ಹೊಳೆದೇ ಇರಲಿಲ್ಲ.

ಇವನೂ ಇಷ್ಟೇನಾ... ಸಿಟ್ಟು ಬರಲೆಂದು ಕಾದಳು. ಬರಲಿಲ್ಲ. ಎದೆಯೊಳಗೆ ಕಲ್ಲು ಹಾಸಿದಂತಿತ್ತು. ಆಮೇಲೆ ಅವನ ಫೋನ್ ಎತ್ತಲಿಲ್ಲ. ಅಮ್ಮ ಕೇಳಿದರೆ ತಲೆನೋವು ಎನ್ನುತ್ತಿದ್ದಳು.

ಆಸ್ಪತ್ರೆಯಿಂದ ಮನೆಯ ಕಡೆ ಬರುವುದು ಅವನ ಬಸ್ಸೇ. ಕೆಲವು ದಿನ ತಪ್ಪಿಸಿಕೊಂಡು ನಡೆದಳು. ಕಾಲು ಸೋತ ಒಂದು ಸಂಜೆ ಹತ್ತಿ, ಅವನತ್ತ ನೋಡದೆ ಕಿಟಕಿಯ ಬಳಿ ಕುಳಿತಳು.

ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಆದರೂ ಅವಳ ಪಕ್ಕದ ಸೀಟು ಖಾಲಿ. ಕೋಲೂರಿಕೊಂಡ ಅಜ್ಜಿಯೊಬ್ಬರು ಸೀಟು ನೋಡಿದರು, ಅವಳನ್ನು ನೋಡಿದರು, ಕಂಬಿ ಹಿಡಿದು ನಿಂತೇ ಉಳಿದರು.

ಡ್ರೈವರ್ ಕನ್ನಡಿಯಲ್ಲಿ ಅದನ್ನೆಲ್ಲ ಕಂಡ.

ಕೊನೆಯ ಸ್ಟಾಪಿನಲ್ಲಿ ಉಳಿದವರು ಇಳಿದ ಮೇಲೆ ಎಂಜಿನ್ ನಿಲ್ಲಿಸಿ ಬಂದ. ಕೂರಲೇ ಎಂದು ಕೇಳಿ, ಅವಳು ತಲೆಯಾಡಿಸಿದ ಮೇಲೆ ಪಕ್ಕದಲ್ಲಿ ಕುಳಿತ.

"ಇಷ್ಟು ವರ್ಷ ಬಸ್ ಓಡಿಸ್ದೆ, ಇದು ನನ್ನ ಕಣ್ಣಿಗೇ ಬೀಳ್ಲಿಲ್ಲ. ಆವತ್ತು ಅಂಗಡೀಲಿ ನಿಮ್ಮ ಪರ ಮಾತಾಡ್ಬೇಕಿತ್ತು. ತಪ್ಪಾಯ್ತು... ನಿಮ್ಮನ್ನ ಬಿಟ್ಟಿರೋಕೆ ನನ್ನಿಂದಾಗ್ತಿಲ್ಲ."

ಅವಳು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು.

"ನಂಗೆ ಕೋಪಾನೂ ಬರಲ್ಲ, ಅಳೂನೂ ಬರಲ್ಲ. ಎಲ್ಲಾ ಮರಗಟ್ಟಿದೆ. ಇಂಥವಳನ್ನ ಕಟ್ಕೊಂಡು ಏನ್ಮಾಡ್ತೀರಾ?"

"ಬರೋವರೆಗೂ ಜೊತೇಲಿರ್ತೀನಿ."

"ಬಂದ್ರೆ ಮೊದ್ಲು ನಿಮ್ಮ ಮೇಲೇ ಬರುತ್ತೆ."

"ಬರ್ಲಿ. ಮೊದಲ ಪಾಲು ನಂದೇ."

ಅವಳು ಮೆಲ್ಲಗೆ ಅವನ ಕಡೆ ತಿರುಗಿದಳು.

"ಆವತ್ತು... ನಂಗೆ ತುಂಬಾ ಅವಮಾನ ಆಯ್ತು."

ಎಷ್ಟೋ ವರ್ಷಗಳ ಮೇಲೆ ಅವಳ ಧ್ವನಿ ನಡುಗಿತು. ಅವನು ಅವಳ ಕೈ ಹಿಡಿದುಕೊಂಡ.

"ಹೇಳು," ಎಂದ.